ಆನೆ ಎಷ್ಟು ದೂರದಲ್ಲಿದೆ? – ಛಾಯಾಚಿತ್ರ ಓದುವ ಒಂದು ಅಭ್ಯಾಸ ಪಾಠ

ತರಗತಿ: 9
ವಿಷಯ: ವಿಜ್ಞಾನ ಮತ್ತು ಗಣಿತ (ಸಮನ್ವಯ ಪಾಠ)
ಅವಧಿ: 40 ನಿಮಿಷಗಳ ಎರಡು ಪೀರಿಯಡ್, ಒಂದು ಕೋಣೆಯೊಳಗೆ, ಇನ್ನೊಂದು ಬಯಲಿನಲ್ಲಿ
ಪೂರ್ವಜ್ಞಾನ: ನೇರ ಮತ್ತು ವಿಲೋಮ ಅನುಪಾತ, ಸೂಜಿರಂಧ್ರ ಕ್ಯಾಮೆರಾ, ಜವ

2023ರ ಅಂದಾಜಿನ ಪ್ರಕಾರ ಕರ್ನಾಟಕದಲ್ಲಿ 6,395 ಕಾಡಾನೆಗಳಿವೆ. ದೇಶದ ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ. ಚಾಮರಾಜನಗರ, ಮೈಸೂರು, ಕೊಡಗು, ಹಾಸನ ಜಿಲ್ಲೆಗಳ ಕಾಡಂಚಿನ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗೆ ಆನೆ ಪಠ್ಯಪುಸ್ತಕದ ಪ್ರಾಣಿಯಲ್ಲ. ನಿನ್ನೆ ರಾತ್ರಿ ರಾಗಿ ಹೊಲಕ್ಕೆ ಬಂದು ಹೋದ ಪ್ರಾಣಿ. ಆದರೂ ನಾವು ವೀಕ್ಷಿಸುವ ವನ್ಯಜೀವಿ ಪಾಠಗಳಲ್ಲಿ ಹೆಚ್ಚಿನವು ಒಂದೇ ಜಾಡಿನಲ್ಲಿ ಸಾಗುತ್ತವೆ. ಚಿತ್ರಪಟ ತೋರಿಸುವುದು, ‘ಇದು ಯಾವ ಪ್ರಾಣಿ?’ ಎಂದು ಕೇಳುವುದು, ಆಹಾರ ಮತ್ತು ಆವಾಸ ಹೇಳಿಸುವುದು, ಕೊನೆಗೆ ‘ವನ್ಯಜೀವಿಗಳನ್ನು ರಕ್ಷಿಸೋಣ’ ಎಂದು ಕಪ್ಪುಹಲಗೆಯ ಮೇಲೆ ಬರೆದು ಮುಗಿಸುವುದು. ಕಾಡಂಚಿನ ಮಗು ‘ಇದು ಯಾವ ಪ್ರಾಣಿ?’ ಎಂಬ ಪ್ರಶ್ನೆಗೆ ಉತ್ತರಿಸುವಾಗ ಮೇಷ್ಟ್ರ ಮುಖ ನೋಡುವ ರೀತಿಯನ್ನು ಒಮ್ಮೆ ಗಮನಿಸಿದವರಿಗೆ ಈ ಜಾಡು ಸಾಕೆನಿಸುತ್ತದೆ.

ಇಲ್ಲಿ ವಿವರಿಸಿರುವ ಪಾಠ ಬೇರೆ ಕಡೆಯಿಂದ ಹೊರಡುತ್ತದೆ. ಮಕ್ಕಳು ಆನೆಯನ್ನು ಎರಡು ರೀತಿಯಲ್ಲಿ ಕಾಣುತ್ತಾರೆ: ಹೊಲದ ಕತ್ತಲಲ್ಲಿ, ಮತ್ತು ಕ್ಯಾಲೆಂಡರು, ಪತ್ರಿಕೆ, ಫೋನಿನ ಚಿತ್ರಗಳಲ್ಲಿ. ಚಿತ್ರದ ಆನೆ ಬಹಳ ಹತ್ತಿರದಲ್ಲಿರುತ್ತದೆ. ಕಣ್ಣಿನ ರೆಪ್ಪೆಗೂದಲು ಎಣಿಸುವಷ್ಟು. ಆ ಚಿತ್ರ ತೆಗೆದವರು ನಿಜವಾಗಿ ಎಷ್ಟು ದೂರದಲ್ಲಿದ್ದರು ಎಂಬುದು ಚಿತ್ರದ ಕೆಳಗೆ ಬರೆದಿರುವುದಿಲ್ಲ. ಅದೇ ಮಗು ತನ್ನ ಅಪ್ಪನ ಫೋನು ಹಿಡಿದು ಕೆರೆಯಾಚೆಯ ಆನೆಯ ಫೋಟೋ ತೆಗೆದರೆ ಪರದೆಯಲ್ಲಿ ಕಾಣುವುದು ಒಂದು ಕಪ್ಪು ಚುಕ್ಕೆ. ಪತ್ರಿಕೆಯ ಚಿತ್ರ ಆನೆಯನ್ನು ಇದ್ದುದಕ್ಕಿಂತ ಹತ್ತಿರ ತೋರಿಸುತ್ತದೆ, ಫೋನು ಇದ್ದುದಕ್ಕಿಂತ ದೂರ ತೋರಿಸುತ್ತದೆ. ಈ ಎರಡರ ನಡುವೆ ಸಿಕ್ಕಿದವನು ಫೋನು ಹಿಡಿದು ನಾಲ್ಕು ಹೆಜ್ಜೆ ಮುಂದೆ ಹೋಗುತ್ತಾನೆ. ಆ ನಾಲ್ಕು ಹೆಜ್ಜೆಗೆ ಕಾರಣವಾದ ಬೆಳಕಿನ ನಿಯಮವನ್ನು ಮಕ್ಕಳೇ ಅಳೆದು ಕಂಡುಕೊಳ್ಳುವುದು ಈ ಪಾಠದ ಉದ್ದೇಶ.

9ನೇ ತರಗತಿಯನ್ನು ಆರಿಸಿದ್ದಕ್ಕೆ ಎರಡು ಕಾರಣ. ಅನುಪಾತದ ಲೆಕ್ಕ ಇವರಿಗೆ ಬಂದಿರುತ್ತದೆ. ಇನ್ನೊಂದು ಕಾರಣ ಎಲ್ಲರಿಗೂ ಗೊತ್ತು: 10ನೇ ತರಗತಿಯನ್ನು ಯಾವ ಮುಖ್ಯೋಪಾಧ್ಯಾಯರೂ ಪ್ರಶಿಕ್ಷಣಾರ್ಥಿಯ ಕೈಗೆ ಸುಲಭಕ್ಕೆ ಕೊಡುವುದಿಲ್ಲ.

ಸಿದ್ಧತೆ

ಎಲ್ಲಕ್ಕಿಂತ ಮೊದಲು ತರಗತಿ ಶಿಕ್ಷಕರನ್ನು ಕೇಳಬೇಕಾದ ಒಂದು ಮಾತಿದೆ. ಈ ತರಗತಿಯಲ್ಲಿ ಆನೆಯಿಂದ ಮನೆಯವರನ್ನು ಕಳೆದುಕೊಂಡ ಅಥವಾ ಗಾಯಗೊಂಡವರ ಮನೆಯ ಮಕ್ಕಳು ಇದ್ದಾರೆಯೇ? ಕಾಡಂಚಿನ ಊರುಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ನಾನು ವೀಕ್ಷಿಸಿದ ಒಂದು ತರಗತಿಯಲ್ಲಿ ಒಬ್ಬ ಹುಡುಗ ಗುಂಪಿಗೆ ಕೊಟ್ಟ ಚಿತ್ರವನ್ನು ಮಗುಚಿ ಇಟ್ಟು ಕೂತಿದ್ದ. ಪ್ರಶಿಕ್ಷಣಾರ್ಥಿಗೆ ಮೊದಲೇ ವಿಷಯ ತಿಳಿದಿದ್ದರಿಂದ ಕಾರಣ ಕೇಳಲಿಲ್ಲ. ಸಮಯ ನೋಡುವ ಕೆಲಸವನ್ನು ಅವನಿಗೆ ವಹಿಸಿದಳು. ಎರಡನೇ ಪೀರಿಯಡ್ಡಿನಲ್ಲಿ ಅಳತೆ ಟೇಪು ಹಿಡಿದವರಲ್ಲಿ ಅವನೂ ಇದ್ದ. ಇಂಥ ಮಗುವಿನ ಎದುರು ‘ಆನೆ ಸಾಧು ಪ್ರಾಣಿ’ ಎಂಬ ವಾಕ್ಯ ಬಾಯಿಗೆ ಬರಬಾರದು. ‘ಆನೆ ಕ್ರೂರ ಪ್ರಾಣಿ’ ಎಂಬುದೂ ಬರಬಾರದು.

ಬೇಕಾದ ಸಾಮಗ್ರಿ ಕಡಿಮೆ. ಪತ್ರಿಕೆಗಳ ಪುರವಣಿಯಿಂದಲೋ ಹಳೆಯ ಕ್ಯಾಲೆಂಡರಿನಿಂದಲೋ ಕತ್ತರಿಸಿದ ನಾಲ್ಕು ಆನೆ ಚಿತ್ರಗಳು. ಅವುಗಳಲ್ಲಿ ಒಂದರಲ್ಲಿ ಆನೆ ಕಿವಿಯಗಲಿಸಿ ನಿಂತಿರಲಿ, ಒಂದರಲ್ಲಿ ತಲೆ ತಗ್ಗಿಸಿ ಮೇಯುತ್ತಿರಲಿ, ಒಂದು ಕಬಿನಿ ಹಿನ್ನೀರಿನಂಥ ಬಯಲಿನ ಹಿಂಡಿನದಾಗಿರಲಿ, ಇನ್ನೊಂದು ಅರಣ್ಯ ಇಲಾಖೆಯ ಕ್ಯಾಮೆರಾ ಟ್ರ್ಯಾಪ್ ತೆಗೆದ ರಾತ್ರಿಯ ಚಿತ್ರವಾಗಿರಲಿ. ಇದರ ಜತೆಗೆ 10 ಸೆಂ.ಮೀ. ಮತ್ತು 30 ಸೆಂ.ಮೀ. ಉದ್ದದ ಎರಡು ರಟ್ಟಿನ ಡಬ್ಬ, ಟ್ರೇಸಿಂಗ್ ಕಾಗದ, ಕಪ್ಪು ಬಟ್ಟೆ, ಅಳತೆ ಟೇಪು, ಸುಣ್ಣ, ಒಂದು ಸಾಧಾರಣ ಫೋನು.

ವಿಡಿಯೋ ಬೇಡ. 2025ರ ಆಗಸ್ಟಿನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ವಾಹನದಿಂದಿಳಿದು ಆನೆಯ ಜತೆ ಸೆಲ್ಫಿ ತೆಗೆಯಹೋದ ಪ್ರವಾಸಿಯನ್ನು ಆನೆ ಅಟ್ಟಿಸಿಕೊಂಡು ಹೋಗಿ ಕೆಡವಿತು. ಅವರು ಬದುಕಿ ಉಳಿದರು, ಇಲಾಖೆ 25 ಸಾವಿರ ರೂಪಾಯಿ ದಂಡ ಹಾಕಿತು. ಆ ದೃಶ್ಯ ಊರೂರಿನ ಫೋನುಗಳಲ್ಲಿ ಹರಿದಾಡಿದೆ. ತರಗತಿಯಲ್ಲಿ ಅದನ್ನು ಹಾಕಿದರೆ ಮಕ್ಕಳು ನಗುತ್ತಾರೆ, ಇನ್ನೊಮ್ಮೆ ಹಾಕಿ ಎನ್ನುತ್ತಾರೆ. ಘಟನೆಯನ್ನು ಬಾಯಲ್ಲಿ ಹೇಳಿದರೆ ಸಾಕು.

ಮೊದಲ ಪೀರಿಯಡ್: ಯಾರು ಎಲ್ಲಿ ನಿಂತಿದ್ದರು?

ನಾಲ್ಕು ಗುಂಪುಗಳಿಗೆ ನಾಲ್ಕು ಚಿತ್ರ ಕೊಟ್ಟು ಒಂದೇ ಪ್ರಶ್ನೆ ಕೇಳಬೇಕು: ಈ ಫೋಟೋ ತೆಗೆದವರು ಆನೆಯಿಂದ ಎಷ್ಟು ದೂರದಲ್ಲಿದ್ದರು? ಉತ್ತರಗಳು ತಡವಿಲ್ಲದೆ ಬರುತ್ತವೆ. ‘ಹತ್ತಡಿ ಸಾರ್.’ ‘ಆ ಬಾಗ್ಲಷ್ಟು.’ ‘ಮರದ್ ಮೇಲೆ ಕೂತವ್ರೆ, ಅದುಕ್ಕೇ ಧೈರ್ಯ.’ ಇವನ್ನೆಲ್ಲ ಹಲಗೆಯ ಒಂದು ಪಕ್ಕ ಬರೆದಿಡಬೇಕು, ತಿದ್ದಬಾರದು. ಕ್ಯಾಮೆರಾ ಟ್ರ್ಯಾಪ್ ಚಿತ್ರ ಸಿಕ್ಕ ಗುಂಪಿನ ಉತ್ತರ ಕುತೂಹಲಕರವಾಗಿರುತ್ತದೆ. ಆ ಚಿತ್ರದಲ್ಲಿ ಆನೆಯ ಕಾಲು, ಸೊಂಡಿಲಿನ ಬುಡ, ಹೊಟ್ಟೆಯ ಒಂದು ಭಾಗ ಇಷ್ಟೇ ಇರುತ್ತದೆ. ತೆಗೆದವರು ಮೂರಡಿಯಲ್ಲಿದ್ದಾರೆ ಎನ್ನುವಂತೆ ಕಾಣುತ್ತದೆ. ಒಂದು ಶಾಲೆಯಲ್ಲಿ ಅರಣ್ಯ ಇಲಾಖೆಯ ವಾಚರೊಬ್ಬರ ಮಗಳು, ‘ಅಲ್ಲಿ ಯಾರೂ ಇಲ್ಲ ಮೇಡಂ, ಮರಕ್ಕೆ ಪೆಟ್ಟಿಗೆ ಕಟ್ಟಿರ್ತಾರೆ. ಆನೆ ಅದನ್ನ ಕಿತ್ತೂ ಹಾಕ್ತದೆ’ ಎಂದಳು. ಮಾತು ನಿಜ. ಹುಲಿ ಗಣತಿಗೆ ಕಾಡುದಾರಿಯ ಎರಡೂ ಬದಿ ಕಟ್ಟುವ ಈ ಪೆಟ್ಟಿಗೆಗಳನ್ನು ಆನೆಗಳು ಮುರಿದು ಹಾಕುವುದು ಅರಣ್ಯ ಸಿಬ್ಬಂದಿಗೆ ಹಳೆಯ ತಲೆನೋವು. ಅತಿ ಹತ್ತಿರದ ಆನೆ ಚಿತ್ರದ ಹಿಂದೆ ಮನುಷ್ಯನೇ ಇಲ್ಲದಿರಬಹುದು ಎಂಬುದು ಉಳಿದ ಮೂರು ಗುಂಪುಗಳಿಗೆ ತಮ್ಮ ಉತ್ತರದ ಬಗ್ಗೆ ಅನುಮಾನ ಹುಟ್ಟಿಸಲು ಸಾಕು. ಇದಕ್ಕಿಂತ ಒಳ್ಳೆಯ ಪೀಠಿಕೆ ಬೇರೆ ಬೇಡ.

ಈಗ ಡಬ್ಬಗಳು. ಎರಡಕ್ಕೂ ಒಂದು ತುದಿಯಲ್ಲಿ ಸೂಜಿಯಿಂದ ಒಂದೇ ಗಾತ್ರದ ತೂತು, ಇನ್ನೊಂದು ತುದಿಗೆ ಟ್ರೇಸಿಂಗ್ ಕಾಗದ. ತರಗತಿಯ ದೀಪ ಆರಿಸಿ, ಒಂದು ಕಿಟಕಿ ಬಿಟ್ಟು ಉಳಿದವನ್ನು ಮುಚ್ಚಬೇಕು. ಕಿಟಕಿ 1.2 ಮೀ. ಎತ್ತರವಿದೆ ಎಂದುಕೊಳ್ಳಿ. ಚಿಕ್ಕ ಡಬ್ಬ ಹಿಡಿದವರು ಕಿಟಕಿಯಿಂದ 2 ಮೀ. ದೂರದಲ್ಲಿ, ಉದ್ದ ಡಬ್ಬ ಹಿಡಿದವರು 6 ಮೀ. ದೂರದಲ್ಲಿ ನಿಲ್ಲಲಿ. ಕಪ್ಪು ಬಟ್ಟೆ ಮುಸುಕಿಕೊಂಡು ಕಾಗದದ ಮೇಲಿನ ತಲೆಕೆಳಗಾದ ಕಿಟಕಿಯ ಎತ್ತರ ಅಳೆದರೆ ಎರಡರಲ್ಲೂ 6 ಸೆಂ.ಮೀ. ಬರುತ್ತದೆ. ಒಂದೇ ಅಳತೆಯ ಎರಡು ಕಿಟಕಿ. ನಿಂತ ಜಾಗ ಮಾತ್ರ ಒಂದಕ್ಕೆ ಮೂರರಷ್ಟು ಬೇರೆ. ಉದ್ದ ಡಬ್ಬದ ಬಿಂಬ ಬಹಳ ಮಂಕಾಗಿರುತ್ತದೆ, ಒಂಬತ್ತರಲ್ಲಿ ಒಂದು ಪಾಲು ಬೆಳಕು. ಹಾಗಾಗಿ ಬಟ್ಟೆಯ ಮುಸುಕು ಬಿಗಿಯಾಗಿರಬೇಕು, ಬಿಸಿಲಿರುವ ದಿನ ಆರಿಸಿಕೊಳ್ಳಬೇಕು. ‘ಕಾಡಿನ ಫೋಟೋ ತೆಗೆಯೋರ ಕ್ಯಾಮೆರಾ ಯಾಕೆ ಸಾರ್ ಅಷ್ಟು ದಪ್ಪ?’ ಎಂದು ಯಾರಾದರೂ ಕೇಳಿದರೆ ಈ ಮಂಕು ಬಿಂಬವೇ ಉತ್ತರ: ದೂರದಿಂದ ದೊಡ್ಡದಾಗಿ ಹಿಡಿಯಬೇಕಾದರೆ ಕೊಳವೆ ಉದ್ದವಾಗಬೇಕು, ಹೆಚ್ಚು ಬೆಳಕು ಬರಲು ಗಾಜು ಅಗಲವಾಗಬೇಕು.

ಡಬ್ಬದ ಉದ್ದದ ಜಾಗದಲ್ಲಿ ಮಸೂರದ ಸಂಗಮದೂರ ಎಂಬ ಪದವನ್ನು ಇಲ್ಲಿ ಪರಿಚಯಿಸಬಹುದು. ಮಸೂರದ ನಿಯಮಗಳಿಗೆ ಇಳಿಯುವುದು ಬೇಡ, ಅದು ಮುಂದಿನ ವರ್ಷದ್ದು. ಹಲಗೆಯ ಮೇಲೆ ಇಷ್ಟು ಸಾಕು:

ಬಿಂಬದ ಎತ್ತರ = ಸಂಗಮದೂರ × ಆನೆಯ ಎತ್ತರ ÷ ಆನೆಯವರೆಗಿನ ದೂರ

ಇನ್ನು ಲೆಕ್ಕ. ಪ್ರಾಯದ ಹೆಣ್ಣಾನೆಯ ಭುಜದ ಎತ್ತರ ಸುಮಾರು 2.4 ಮೀ., ಅಂದರೆ ಎಂಟಡಿ. ಹಳೆಯ ಫಿಲ್ಮ್ ಚೌಕಟ್ಟು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ, ಇಂದಿನ ಕ್ಯಾಮೆರಾ ಅಂಗಡಿಯವರೂ ಈ ಅಳತೆಯ ಭಾಷೆಯಲ್ಲೇ ಮಾತಾಡುತ್ತಾರೆ. ಚೌಕಟ್ಟಿನ ಅರ್ಧ ಎತ್ತರ, ಅಂದರೆ 12 ಮಿ.ಮೀ., ಆನೆ ತುಂಬಿಕೊಂಡಿರಲಿ. ಫೋನಿನ ಮುಖ್ಯ ಕ್ಯಾಮೆರಾ ಈ ಭಾಷೆಯಲ್ಲಿ ಸುಮಾರು 26 ಮಿ.ಮೀ. ಮಸೂರಕ್ಕೆ ಸಮ. ಹಾಗಿದ್ದರೆ ಫೋನು ಹಿಡಿದವನು ಆನೆಯಿಂದ 26 × 2.4 ÷ 12, ಅಂದರೆ 5.2 ಮೀ. ದೂರದಲ್ಲಿರಬೇಕು. 400 ಮಿ.ಮೀ. ಮಸೂರದವರು 80 ಮೀ. ದೂರದಲ್ಲಿರುತ್ತಾರೆ. 600 ಮಿ.ಮೀ. ಮಸೂರದವರು 120 ಮೀ. ಮೂವರ ಚಿತ್ರದಲ್ಲೂ ಆನೆ ಒಂದೇ ಎತ್ತರ. ಹಲಗೆಯ ಪಕ್ಕದಲ್ಲಿ ಬರೆದಿಟ್ಟ ‘ಹತ್ತಡಿ’, ‘ಬಾಗಿಲಷ್ಟು’ ಎಂಬ ಉತ್ತರಗಳ ಕಡೆಗೆ ಈಗ ಮಕ್ಕಳೇ ತಿರುಗಿ ನೋಡುತ್ತಾರೆ.

ಬುದ್ಧಿವಂತ ಹುಡುಗಿಯೋ ಹುಡುಗನೋ ಇಲ್ಲಿ ಒಂದು ಪ್ರಶ್ನೆ ಎತ್ತಬಹುದು: ಮಸೂರ ಯಾವುದೆಂದು ಬರೆದಿಲ್ಲದ ಚಿತ್ರದಲ್ಲಿ ದೂರ ಹೇಗೆ ಗೊತ್ತಾಗುತ್ತದೆ? ಇದು ಪಾಠದ ಅತ್ಯಂತ ಫಲವತ್ತಾದ ಜಾಗ. ಗಡಿಯಾರ ನೋಡದೆ ಇಲ್ಲಿ ನಿಲ್ಲಬಹುದು. ಒಂದೇ ಎತ್ತರದ ಇಬ್ಬರು ಮಕ್ಕಳನ್ನು ಕಾರಿಡಾರಿನಲ್ಲಿ 3 ಮೀ. ಅಂತರದಲ್ಲಿ ಒಬ್ಬರ ಹಿಂದೊಬ್ಬರು ಸ್ವಲ್ಪ ಓರೆಯಾಗಿ ನಿಲ್ಲಿಸಬೇಕು. ಮುಂದಿನವರಿಂದ 5 ಮೀ. ದೂರದಲ್ಲಿ ನಿಂತು ಒಂದು ಫೋಟೋ. ಸಾಧ್ಯವಾದಷ್ಟು ದೂರ, 40 ಮೀ. ಸಿಕ್ಕರೆ 40 ಮೀ. ಹೋಗಿ, ಜೂಮ್ ಮಾಡಿ ಇನ್ನೊಂದು. ಮೊದಲ ಚಿತ್ರದಲ್ಲಿ ಹಿಂದಿನವರು ಮುಂದಿನವರ ಎಂಟನೇ ಐದು ಪಾಲು ಎತ್ತರ ಕಾಣುತ್ತಾರೆ. ಎರಡನೆಯದರಲ್ಲಿ ಇಬ್ಬರೂ ಹೆಚ್ಚುಕಡಿಮೆ ಸರಿಸಮ. 43ರಲ್ಲಿ 40 ಪಾಲು. ಜೂಮ್ ಮಾಡಿದರೂ ಕತ್ತರಿಸಿ ದೊಡ್ಡದು ಮಾಡಿದರೂ ಈ ಅನುಪಾತ ಬದಲಾಗದು, ಅದು ನಿಂತ ಜಾಗವನ್ನು ಮಾತ್ರ ಅವಲಂಬಿಸಿದೆ. ಆನೆಯ ಹಣೆಗೂ ಹಿಂಭಾಗಕ್ಕೂ ಸುಮಾರು 3 ಮೀ. ಅಂತರ. ಆದ್ದರಿಂದ ಎದುರಿನಿಂದ ತೆಗೆದ ಚಿತ್ರದಲ್ಲಿ ತಲೆ, ಸೊಂಡಿಲು ಅಗಾಧವಾಗಿದ್ದು ಹಿಂಭಾಗ ಕಿರಿದಾಗಿ ಜಾರಿ ಹೋಗಿದ್ದರೆ ಕ್ಯಾಮೆರಾ ನಿಜಕ್ಕೂ ಹತ್ತಿರದಲ್ಲಿತ್ತು. ಹಿಂಭಾಗವೂ ಹಣೆಯಷ್ಟೇ ತೋರವಾಗಿ, ಹಿಂದಿನ ಬಿದಿರುಮೆಳೆ ಆನೆಯ ಬೆನ್ನಿಗೆ ಅಂಟಿದಂತೆ ಕಂಡರೆ ತೆಗೆದವರು ದೂರದಲ್ಲಿದ್ದರು. ದೂರವನ್ನು ಚಿತ್ರ ಬರೆದಿಟ್ಟುಕೊಂಡಿರುತ್ತದೆ, ಗಾತ್ರದಲ್ಲಲ್ಲ, ಹಿಂದುಮುಂದಿನ ಪ್ರಮಾಣದಲ್ಲಿ. ಈಗ ಗುಂಪುಗಳಿಗೆ ಅವರವರ ಚಿತ್ರ ಮರಳಿ ಕೊಟ್ಟು ಮೊದಲಿನ ಪ್ರಶ್ನೆಯನ್ನೇ ಕೇಳಬೇಕು.

ಓಟದ ಲೆಕ್ಕ: ಒಂದು ಎಚ್ಚರಿಕೆ

ದೂರ ತಿಳಿದ ಮೇಲೆ ಸಮಯದ ಲೆಕ್ಕ ಸಹಜವಾಗಿ ಬರುತ್ತದೆ. ಏಷ್ಯಾದ ಆನೆಗಳ ಓಟವನ್ನು ಥಾಯ್ಲೆಂಡಿನಲ್ಲಿ ಅಳೆದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಗರಿಷ್ಠ ಜವ ಸೆಕೆಂಡಿಗೆ 6.8 ಮೀ.; ಗಂಟೆಗೆ ಸುಮಾರು 25 ಕಿ.ಮೀ. ಈ ಜವದಲ್ಲಿ 80 ಮೀ. ಕ್ರಮಿಸಲು ಆನೆಗೆ ಹನ್ನೆರಡು ಸೆಕೆಂಡಿಗೆ ತುಸು ಕಡಿಮೆ ಬೇಕು. 5.2 ಮೀ.ಗೆ ಒಂದು ಸೆಕೆಂಡೂ ಬೇಡ. ನಿಂತಲ್ಲಿಂದ ಜವ ಹಿಡಿಯಲು ಬೇಕಾದ ಹೊತ್ತು ಇದರಲ್ಲಿ ಸೇರಿಲ್ಲ ಎಂದು ಹೇಳಲೇಬೇಕು.

ಇಲ್ಲಿಯವರೆಗೆ ಸರಿ. ಆದರೆ ಒಂದು ತರಗತಿಯಲ್ಲಿ ಪ್ರಶಿಕ್ಷಣಾರ್ಥಿ ಮುಂದುವರಿದು ದೈಹಿಕ ಶಿಕ್ಷಣ ಶಿಕ್ಷಕರ ಪುಸ್ತಕದಿಂದ ಮಕ್ಕಳ 100 ಮೀ. ಓಟದ ಸಮಯ ತೆಗೆಸಿದ. ಒಬ್ಬ ಹುಡುಗನದು 16 ಸೆಕೆಂಡು, ಅಂದರೆ ಸೆಕೆಂಡಿಗೆ 6.25 ಮೀ. ಆನೆ 30 ಮೀ. ಹಿಂದಿದ್ದರೆ ಅವನನ್ನು ಮುಟ್ಟಲು ಎಷ್ಟು ಹೊತ್ತು? ಜವಗಳ ವ್ಯತ್ಯಾಸ 0.55, ಭಾಗಿಸಿದರೆ 54 ಸೆಕೆಂಡಿನ ಮೇಲಾಯಿತು. ಹುಡುಗ ಎದ್ದು ನಿಂತು, ‘ಅಷ್ಟೊತ್ತಿಗೆ ನಾನು ಮನೇಲಿರ್ತೀನಿ ಸಾರ್’ ಎಂದ. ತರಗತಿಗೆ ತರಗತಿಯೇ ಚಪ್ಪಾಳೆ ತಟ್ಟಿತು. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಮಕ್ಕಳು ಕಲಿತದ್ದು 30 ಮೀ. ಸಾಕು ಎಂಬುದನ್ನು.

ಪ್ರಶಿಕ್ಷಣಾರ್ಥಿ ಚಪ್ಪಾಳೆ ನಿಲ್ಲುವವರೆಗೆ ಸುಮ್ಮನಿದ್ದು, ‘ಆ 16 ಸೆಕೆಂಡು ಎಲ್ಲಿ ಓಡಿದ್ದಪ್ಪಾ?’ ಎಂದು ಕೇಳಿದ. ‘ಟ್ರ್ಯಾಕಲ್ಲಿ.’ ‘ಕಾಲಲ್ಲಿ ಏನಿತ್ತು?’ ‘ಶೂ.’ ‘ಓಡೋಕೆ ಮುಂಚೆ ಯಾವ ಕಡೆ ಮುಖ ಮಾಡಿದ್ದೆ?’ ಇದಕ್ಕೆ ಹುಡುಗ ಉತ್ತರಿಸಲಿಲ್ಲ. ಹಿಂದಿನ ಬೆಂಚಿನವನೊಬ್ಬ, ‘ಆನೆ ಕಡೆ ಮುಖ ಇರ್ತದೆ ಸಾರ್, ಫೋನ್ ಹಿಡ್ದಿರ್ತೀವಲ್ಲ’ ಎಂದ. ಆಮೇಲೆ ಮಕ್ಕಳೇ ಹೊಸ ಅಂಕಿ ಕೊಟ್ಟರು: ಉತ್ತ ಹೊಲ, ಲಂಟಾನ ಪೊದೆ, ಚಪ್ಪಲಿ, ಸೆಕೆಂಡಿಗೆ 3 ಮೀ. ಇರಲಿ ಎಂದರು. ಈಗ 54ರ ಜಾಗದಲ್ಲಿ 8 ಸೆಕೆಂಡು ಬಂತು. ಅಷ್ಟರಲ್ಲಿ ಅವನು ಓಡಿರುವುದು 24 ಮೀ. ಮಾತ್ರ.

ಪಾಠವೀಕ್ಷಣೆಯ ಚರ್ಚೆಯಲ್ಲಿ ಈ ಭಾಗದ ಬಗ್ಗೆ ನಮ್ಮಲ್ಲಿ ಒಮ್ಮತ ಮೂಡಲಿಲ್ಲ. ದೂರ ಮತ್ತು ಸಮಯ ಲೆಕ್ಕ ಹಾಕುವುದನ್ನು ಕಲಿಸಿದರೆ ‘ಇಷ್ಟು ಹತ್ತಿರ ಹೋಗಬಹುದು’ ಎಂದು ಕಲಿಸಿದಂತೆಯೇ ಎಂದು ಸಹೋದ್ಯೋಗಿಯೊಬ್ಬರು ವಾದಿಸಿದರು. ‘ಹೋಗಬೇಡಿ’ ಎಂದಷ್ಟೇ ಹೇಳಿ ಎಂಬುದು ಅವರ ಸಲಹೆ. ನನ್ನ ಅಭಿಪ್ರಾಯ ಬೇರೆ. ‘ಹೋಗಬೇಡಿ’ ಎಂಬ ಮಾತನ್ನು ಮನೆಯವರು, ಫಾರೆಸ್ಟಿನವರು, ರಸ್ತೆ ಬದಿಯ ಫಲಕ ಎಲ್ಲರೂ ಹೇಳುತ್ತಲೇ ಇದ್ದಾರೆ. ಶಾಲೆ ಅದಕ್ಕೆ ಕಾರಣವನ್ನು ಕೂಡಿಸಬಲ್ಲದು. ಆದರೆ ಅವರ ಆಕ್ಷೇಪದಲ್ಲಿ ಹುರುಳಿದೆ: ಓಟದ ಲೆಕ್ಕವನ್ನು ಅಂಗಳದ ಅಂಕಿಯಲ್ಲೇ ನಿಲ್ಲಿಸಿ ಪೀರಿಯಡ್ ಮುಗಿದುಹೋದರೆ ಪಾಠ ಹಾನಿಕರ. ಸಮಯ ಸಾಲದೆನಿಸಿದರೆ ಈ ಭಾಗವನ್ನು ಎತ್ತಲೇಬಾರದು.

ಎರಡನೇ ಪೀರಿಯಡ್: ಗೋಡೆಯ ಮೇಲಿನ ಆನೆ

ಶಾಲೆಯ ಗೋಡೆಯ ಮೇಲೆ ಸುಣ್ಣದಲ್ಲಿ ನಿಜ ಅಳತೆಯ ಹೆಣ್ಣಾನೆ ಬರೆಯಬೇಕು. ಕಾಂಪೌಂಡಿನ ಗೋಡೆ ಸಾಮಾನ್ಯವಾಗಿ ಸಾಲದು, ಕಟ್ಟಡದ ಪಕ್ಕದ ಗೋಡೆಯೇ ಬೇಕು. ಭುಜ 2.4 ಮೀ. ಪಾದದ ಅಳತೆಯನ್ನು ಮಕ್ಕಳಿಂದಲೇ ಕಂಡುಹಿಡಿಸಬಹುದು. ಆನೆಯ ಮುಂಗಾಲಿನ ಪಾದದ ಸುತ್ತಳತೆಯ ಎರಡರಷ್ಟು ಅದರ ಭುಜದ ಎತ್ತರಕ್ಕೆ ಹೆಚ್ಚುಕಡಿಮೆ ಸಮ; ಹೆಜ್ಜೆ ಗುರುತು ನೋಡಿಯೇ ಆನೆಯ ಎತ್ತರ ಹೇಳುವ ಹಳೆಯ ಪದ್ಧತಿ ಇದು. ಆಗ ಸುತ್ತಳತೆ 1.2 ಮೀ., ವ್ಯಾಸ ಸುಮಾರು 38 ಸೆಂ.ಮೀ. ಕಾಡಂಚಿನ ಮಕ್ಕಳು ಈ ವೃತ್ತವನ್ನು ನೆಲದ ಮೇಲೆ ಬರೆದ ಕೂಡಲೇ ಗುರುತಿಸುತ್ತಾರೆ. ತೋಟದ ಕೆಸರಿನಲ್ಲಿ, ಆನೆ ಕಂದಕದ ಅಂಚಿನಲ್ಲಿ ಕಂಡದ್ದಕ್ಕೆ ಈಗ ಒಂದು ಸೂತ್ರ ಸಿಕ್ಕಿತಲ್ಲ ಎಂಬ ಖುಷಿ ಅವರದು.

ಗೋಡೆಯ ಆನೆಯನ್ನು ಜೂಮ್ ಇಲ್ಲದೆ ಫೋನಿನಲ್ಲಿ 30 ಮೀ. ದೂರದಿಂದ ತೆಗೆಯಬೇಕು. ಚೌಕಟ್ಟಿನ ಹನ್ನೆರಡರಲ್ಲಿ ಒಂದು ಪಾಲು ಮಾತ್ರ ಆನೆ. 10 ಮೀ.ಗೆ ಬಂದರೆ ಕಾಲುಭಾಗ. ಅರ್ಧ ತುಂಬಲು 5 ಮೀ. ಬೇಕು. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಒಬ್ಬ ವಿದ್ಯಾರ್ಥಿಯ ಕೈಗೆ ಫೋನು ಕೊಟ್ಟು, ‘ಆನೆ ಚೆನ್ನಾಗಿ ಕಾಣೋ ಹಾಗೆ ಒಂದು ಫೋಟೋ ತೆಗಿಯಮ್ಮ’ ಎಂದು ಬಿಟ್ಟು ನೋಡಬೇಕು. ಎಲ್ಲರೂ ಪರದೆ ನೋಡುತ್ತಲೇ ಮುಂದೆ ನಡೆಯುತ್ತಾರೆ. ನಿಂತಾಗ ಟೇಪು ಹಿಡಿದು ಅಳೆದರೆ ಅಂತರ ಅವರನ್ನೇ ಬೆರಗುಗೊಳಿಸುತ್ತದೆ. ಹೆದ್ದಾರಿಯಲ್ಲಿ ಕಾರಿನಿಂದಿಳಿಯುವವರನ್ನು ‘ಬುದ್ಧಿಯಿಲ್ಲದವರು’ ಎಂದು ಬೈದು ಮುಗಿಸುವುದು ಸುಲಭ. ಕೈಯಲ್ಲಿರುವ ಉಪಕರಣವೇ ಮುಂದೆ ಬಾ ಎನ್ನುತ್ತಿರುತ್ತದೆ ಎಂಬುದು ಈ ಚಟುವಟಿಕೆಯಲ್ಲಿ ಮೈಗೆ ತಿಳಿಯುತ್ತದೆ.

ಆಮೇಲೆ ಹೆಬ್ಬೆರಳು. ತೋಳು ನೇರ ಚಾಚಿ ಹೆಬ್ಬೆರಳನ್ನು ಅಡ್ಡಲಾಗಿ ಹಿಡಿದು ಒಂದೇ ಕಣ್ಣಿಂದ ನೋಡಬೇಕು. ಬೆರಳಿನ ಅಗಲ 1.8 ಸೆಂ.ಮೀ., ಕಣ್ಣಿನಿಂದ ಬೆರಳಿಗೆ 54 ಸೆಂ.ಮೀ. ಇದ್ದ ವಿದ್ಯಾರ್ಥಿಗೆ ಅನುಪಾತ ಮೂವತ್ತರಲ್ಲಿ ಒಂದು. ಹಾಗಾಗಿ 2.4 ಮೀ. ಎತ್ತರದ ಆನೆ ಆ ಬೆರಳ ಹಿಂದೆ ಪೂರ್ತಿ ಮರೆಯಾಗುವುದು 72 ಮೀ. ದೂರದಲ್ಲಿ. ಪ್ರತಿ ಮಗುವೂ ತನ್ನದೇ ಬೆರಳು ಮತ್ತು ತೋಳಿನಿಂದ ಲೆಕ್ಕ ಮಾಡಿ, ನಡೆದು ಹೋಗಿ ಪರೀಕ್ಷಿಸಬೇಕು. ಅಂಗಳ ಸಾಲದಿದ್ದರೆ ಗೇಟಿನಾಚೆಯ ರಸ್ತೆಗೆ ಹೋಗಬೇಕಾಗುತ್ತದೆ. ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿರಿ. ಇದನ್ನು ‘ಸುರಕ್ಷಿತ ದೂರ’ ಎಂದು ಕರೆಯಬಾರದು. ಬೆರಳು ಆನೆಯನ್ನು ಮುಚ್ಚದಿದ್ದರೆ ಆನೆ ಎಷ್ಟು ಹತ್ತಿರವಿದೆ ಎಂದು ತಿಳಿಯುವ ಅಳತೆ ಇದು. ಮರಿಯಾನೆಗೆ ಈ ಲೆಕ್ಕ ಹೊಂದುವುದಿಲ್ಲ. ಮರಿಯ ಹತ್ತಿರ ತಾಯಿ ಇದ್ದೇ ಇರುತ್ತದೆ, ಕಾಣಲಿ ಕಾಣದಿರಲಿ.

ಕಿವಿ, ಸೊಂಡಿಲು, ಬಾಲ

ತರಗತಿಗೆ ಮರಳಿ ನಾಲ್ಕು ಚಿತ್ರಗಳನ್ನು ಹಲಗೆಗೆ ಅಂಟಿಸಿ, ಕ್ಯಾಲೆಂಡರಿಗೆ ಯಾವುದು ಚೆನ್ನ ಎಂದು ಕೇಳಿದರೆ ಬಹುಮತ ಕಿವಿಯಗಲಿಸಿ, ಸೊಂಡಿಲೆತ್ತಿ, ಧೂಳೆಬ್ಬಿಸಿ ನಿಂತ ಆನೆಗೆ. ನಮ್ಮಲ್ಲೂ ಹಾಗೆಯೇ ಆದೀತು. ಆಗ ಕೇಳಬೇಕಾದ ಪ್ರಶ್ನೆ: ಈ ಆನೆ ಯಾರನ್ನು ನೋಡುತ್ತಿದೆ?

ಉತ್ತರ ಒಂದೇ: ಕ್ಯಾಮೆರಾ ಹಿಡಿದವರನ್ನು. ಮೇಯುತ್ತಿರುವ ಆನೆಯ ಕಿವಿ ನಿಧಾನವಾಗಿ ಬೀಸುತ್ತಿರುತ್ತದೆ. ಕಿವಿಯ ರಕ್ತನಾಳಗಳ ಮೂಲಕ ಮೈ ತಂಪಾಗುವುದೂ ಅದರಿಂದಲೇ. ಏನೋ ಸದ್ದು ಅಥವಾ ವಾಸನೆ ಬಂದರೆ ಬೀಸುವುದು ನಿಲ್ಲುತ್ತದೆ, ಸೊಂಡಿಲ ತುದಿ ಆ ಕಡೆ ತಿರುಗುತ್ತದೆ, ಬಾಲ ಬಿಗಿಯುತ್ತದೆ. ಹುಲ್ಲು ಕಿತ್ತು ತಿನ್ನದೆ ಬಿಡುವುದು, ಮುಂಗಾಲನ್ನು ಹಿಂದುಮುಂದೆ ಆಡಿಸುವುದು ಕಳವಳದ ಲಕ್ಷಣ. ಕಿವಿ ಹರಡಿ, ತಲೆಯೆತ್ತಿ, ಘೀಳಿಟ್ಟು ನಾಲ್ಕು ಹೆಜ್ಜೆ ನುಗ್ಗಿ ನಿಲ್ಲುವುದು ಹಲವು ಸಲ ಬೆದರಿಕೆ. ಕಿವಿ ಹಿಂದಕ್ಕೆ ಒತ್ತಿ, ಸೊಂಡಿಲು ಒಳಗೆ ಸುರುಳಿ ಮಾಡಿ, ಸದ್ದಿಲ್ಲದೆ ಬರುವ ಆನೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಈ ಲಕ್ಷಣಗಳು ಆನೆ ಬರೆದುಕೊಟ್ಟ ಕರಾರುಪತ್ರವಲ್ಲ, ಮದವೇರಿದ ಗಂಡಾನೆಯಂತೂ ಯಾವ ಪಟ್ಟಿಗೂ ಒಗ್ಗದು. ಕಣ್ಣು ಮತ್ತು ಕಿವಿಯ ನಡುವಿನ ಗ್ರಂಥಿಯಿಂದ ಕೆನ್ನೆಗೆ ಇಳಿದ ಕಪ್ಪು ಒಸರನ್ನು ಚಿತ್ರದಲ್ಲಿ ಹುಡುಕಿಸಬಹುದು.

ಇಲ್ಲಿ ಪ್ರಶಿಕ್ಷಣಾರ್ಥಿ ಸ್ವಲ್ಪ ಹಿಂದೆ ಸರಿಯುವುದು ಒಳ್ಳೆಯದು. ಮಕ್ಕಳಿಗೆ ಗೊತ್ತಿರುವುದು ಹೆಚ್ಚು. ‘ಕಿವಿ ಆಡಿಸ್ತಿದ್ರೆ ಸಮಾಧಾನ. ಕಿವಿ ನಿಂತ್ರೆ ನಾವು ನಿಲ್ಬಾರ್ದು ಅಂತ ನಮ್ಮಜ್ಜಿ ಹೇಳ್ತಾರೆ’ ಎಂದು ಒಬ್ಬಳು ಹೇಳಿದ್ದನ್ನು ನಾನು ಪಾಠವೀಕ್ಷಣಾ ಪುಸ್ತಕದಲ್ಲಿ ಬರೆದುಕೊಂಡೆ. ಒಂದು ತೊಡಕನ್ನೂ ಎತ್ತಬೇಕು: ಚಿತ್ರದಲ್ಲಿ ಕಿವಿ ಹರಡಿದೆ ಎಂದರೆ ಸಿಟ್ಟೇ ಆಗಬೇಕಿಲ್ಲ, ಬೀಸುವಿಕೆಯ ನಡುವಿನ ಒಂದು ಗಳಿಗೆಯೂ ಇರಬಹುದು. ನಿಂತ ಚಿತ್ರ ಚಲನೆಯನ್ನು ಹೇಳಲಾರದು. ಆದ್ದರಿಂದ ಕಿವಿಯೊಂದನ್ನೇ ನೋಡದೆ ಬಾಲ, ಸೊಂಡಿಲು, ಕಾಲಿನ ಭಾರವನ್ನು ಒಟ್ಟಿಗೆ ಓದಿಸಬೇಕು.

‘ದಸರಾ ಆನೆ ಜತೆ ಫೋಟೋ ತೆಗೆಸ್ಕೊಂಡಿದೀನಿ, ಏನೂ ಮಾಡಲ್ಲ’ ಎಂಬ ಮಾತು ಮೈಸೂರು ಕಡೆಯ ಶಾಲೆಗಳಲ್ಲಿ ಬಂದೇ ಬರುತ್ತದೆ. ಆ ಆನೆಯ ಪಕ್ಕದಲ್ಲಿ ಮಾವುತ, ಕಾವಾಡಿ ಇರುತ್ತಾರೆ, ವರ್ಷಗಟ್ಟಲೆ ಪಳಗಿಸಿರುತ್ತಾರೆ. ಅಂಬಾರಿ ಹೊತ್ತ ಅರ್ಜುನ ಆನೆ 2023ರ ಡಿಸೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸತ್ತಿತು. ಅಷ್ಟು ದೊಡ್ಡ ಆನೆಗೇ ಹಾಗಾಯಿತು ಎಂದರೆ ಮಕ್ಕಳು ಮುಂದಿನದನ್ನು ತಾವೇ ಊಹಿಸುತ್ತಾರೆ.

ಹಾಗಿದ್ದರೆ ಹತ್ತಿರದ ಒಳ್ಳೆಯ ಚಿತ್ರ ತೆಗೆದವರೇ ಇಲ್ಲವೇ? ಇದ್ದಾರೆ. ಮದರಾಸಿನ ಎಂ. ಕೃಷ್ಣನ್ ಸಾಕಾನೆಯ ಬೆನ್ನೇರಿ ಕಾಡಾನೆಗಳ ಕಪ್ಪುಬಿಳುಪು ಚಿತ್ರ ತೆಗೆದವರು. ಸಂಡೂರಿನ ಎಂ. ವೈ. ಘೋರ್ಪಡೆ ನಮ್ಮ ರಾಜ್ಯದ ಮಂತ್ರಿಯಾಗಿದ್ದವರು, ಆನೆಗಳ ಕಪ್ಪುಬಿಳುಪು ಚಿತ್ರಗಳಿಗೆ ಹೆಸರಾದವರು. ಅವರ ಛಾಯಾಗ್ರಹಣದ ಪುಸ್ತಕ ‘ಸನ್‌ಲೈಟ್ ಅಂಡ್ ಷ್ಯಾಡೋಸ್’ 1983ರಲ್ಲಿ ಬಂತು. ಆ ಕಾಲದ ಫಿಲ್ಮಿಗೆ ದುಡ್ಡಿತ್ತು, ಕಾಯದೆ ಬಟನ್ ಒತ್ತುವಂತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಂ ಅಭಯಾರಣ್ಯ ಪ್ರವೇಶಕ್ಕೆ ಪರವಾನಗಿ ಕೊಡಬಹುದಾದ ಉದ್ದೇಶಗಳಲ್ಲಿ ಛಾಯಾಗ್ರಹಣವನ್ನೂ ಸೇರಿಸಿದೆ. ಬೇಸಿಗೆಯಲ್ಲಿ ಕಬಿನಿಯ ನೀರು ಇಳಿದು ಹಸಿರು ಹುಲ್ಲು ಚಿಗುರಿದಾಗ ಹಿಂಡುಗಳು ಬಯಲಿಗೆ ಬರುತ್ತವೆ. ಅಲ್ಲಿ ದೋಣಿಯಲ್ಲೋ ಜೀಪಿನಲ್ಲೋ ಕೂತವರಿಗೆ ಆನೆ ತಾನಾಗಿ ಹತ್ತಿರ ಬಂದೀತು. ಆನೆ ಹತ್ತಿರ ಬರುವುದಕ್ಕೂ ನಾವು ಆನೆಯ ಹತ್ತಿರ ಹೋಗುವುದಕ್ಕೂ ಇರುವ ವ್ಯತ್ಯಾಸ ಚರ್ಚೆಗೆ ಒಳ್ಳೆಯ ಪ್ರಶ್ನೆ.

ಮೌಲ್ಯಮಾಪನ ಮತ್ತು ಮುಂದುವರಿದ ಚಟುವಟಿಕೆ

‘ಆನೆಯ ಫೋಟೋ ತೆಗೆಯುವಾಗ ವಹಿಸಬೇಕಾದ ಐದು ಎಚ್ಚರಿಕೆಗಳನ್ನು ಬರೆಯಿರಿ’ ಎಂಬ ಪ್ರಶ್ನೆ ಬೇಡ. ಓದದೆಯೂ ಉತ್ತರಿಸಬಹುದು. ಬದಲಿಗೆ, ಪತ್ರಿಕೆಯ ಒಂದು ಚಿತ್ರ ಕೊಟ್ಟು ಅದರ ಕೆಳಗೆ ಮೂರು ಸಾಲು ಬರೆಯಲು ಹೇಳಬೇಕು: ತೆಗೆದವರು ಹತ್ತಿರವಿದ್ದರೋ ದೂರವಿದ್ದರೋ, ಅದು ಯಾವುದರಿಂದ ತಿಳಿಯಿತು, ಆಗ ಆನೆ ಏನು ಮಾಡುತ್ತಿತ್ತು. 200 ಮಿ.ಮೀ. ಮಸೂರದಲ್ಲಿ 2.4 ಮೀ. ಆನೆಯ ಬಿಂಬ 6 ಮಿ.ಮೀ. ಬಂದರೆ ದೂರವೆಷ್ಟು ಎಂಬ ಲೆಕ್ಕವನ್ನೂ ಕೊಡಬಹುದು. (80 ಮೀ.) ಕೆಲವರು 6 ಮಿ.ಮೀ. ನೋಡಿದ ಕೂಡಲೇ ‘ಚಿಕ್ಕದು, ಹಾಗಾಗಿ ಬಹಳ ದೂರ’ ಎಂದು ಬರೆಯುತ್ತಾರೆ. ಅವರಿಗೆ ಡಬ್ಬಗಳನ್ನು ಇನ್ನೊಮ್ಮೆ ಕೊಡಬೇಕು.

ಮನೆಗೆಲಸವಾಗಿ ಕಿವಿಯ ನಕ್ಷೆ. ಆನೆ ತಜ್ಞರು ಒಂದೊಂದು ಆನೆಯನ್ನೂ ಕಿವಿಯ ಹರಿತ, ಮಡಿಕೆ, ದಂತದ ಬಾಗು, ಬಾಲದ ಕೂದಲಿನಿಂದ ಗುರುತಿಸುತ್ತಾರೆ. ಎರಡು ಚಿತ್ರ ಕೊಟ್ಟು ಕಿವಿಯ ಅಂಚನ್ನು ಪೆನ್ಸಿಲಿನಲ್ಲಿ ತೆಗೆಸಿ, ಒಂದೇ ಆನೆಯೋ ಬೇರೆಯೋ ಎಂದು ಕೇಳಬಹುದು. ಬಣ್ಣವನ್ನು ಗುರುತಾಗಿ ಬಳಸಲು ಹೊರಡುವ ಮಕ್ಕಳಿಗೆ, ಆನೆಯ ಬಣ್ಣ ಅದು ಮೈಗೆ ಎರಚಿಕೊಂಡ ಮಣ್ಣಿನ ಬಣ್ಣ ಎಂದು ನೆನಪಿಸಬೇಕು. ಕಿವಿಯ ಅಂಚು ಸ್ಪಷ್ಟ ಕಾಣಲು ಹತ್ತಿರದ ಚಿತ್ರವೇ ಬೇಕಲ್ಲವೇ ಎಂದು ಯಾರಾದರೂ ಕೇಳುವುದುಂಟು. ಆ ಪ್ರಶ್ನೆಗೆ ಉತ್ತರ ಹೇಳಬೇಡಿ. ಡಬ್ಬ, ಸೂತ್ರ, ಟೇಪು ಎಲ್ಲವೂ ಅವರ ಬಳಿಯೇ ಇವೆ.

ಪಾಠ ಮುಗಿದ ಮೇಲೆ ಗೋಡೆಯ ಸುಣ್ಣದ ಆನೆಯನ್ನು ಒರೆಸದಂತೆ ಶಾಲೆಯವರನ್ನು ಕೇಳಿಕೊಳ್ಳಿ. ಒಂದು ಶಾಲೆಯಲ್ಲಿ ಮುಂದಿನ ವಾರ ಬಂದ ಪ್ರಶಿಕ್ಷಣಾರ್ಥಿ ಅದೇ ಪಾದದ ವೃತ್ತದಿಂದ 7ನೇ ತರಗತಿಗೆ ಪರಿಧಿ ಮತ್ತು ವ್ಯಾಸದ ಪಾಠ ಮಾಡಿದಳು. ಮಳೆ ಬರುವವರೆಗೆ ಆನೆ ಅಲ್ಲೇ ಇತ್ತು.